ಬಿಸಿಯಾಗದ ವಾಲ್ವು

ಅಫಜಲಪುರದಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಾನು ಹಾಡು ರೆಕಾರ್ಡ್ ಮಾಡುತ್ತೇನೆ. ಭಜನಾ ಮಂಡಳಿಯವರು ಬರುತ್ತಾರೆ, ತತ್ವಪದ ಹೇಳುವವರು ಬರುತ್ತಾರೆ, ಮದುವೆಗೆ ಸೋಬಾನ ಪದ ಬೇಕೆನ್ನುವವರು ಬರುತ್ತಾರೆ, ಮೊಹರಂ ಹತ್ತಿರವಾದಾಗ ಅಲಾಯಿ ಪದದ ಮೇಳದವರು ಬರುತ್ತಾರೆ. ಸದ್ದು ತಿರುಗಿ ಬರಬಾರದೆಂದು ಗೋಡೆಗೆಲ್ಲ ಹಳೆಯ ಕೌದಿ ಹೊಡೆದಿದ್ದೇನೆ. ಆದರೂ ಕಬ್ಬಿನ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಕೆಳಗೆ ಹಾದುಹೋಗುವಾಗ ಎಲ್ಲರೂ ಬಾಯಿ ಮುಚ್ಚಿ ಕೂಡಬೇಕು. ಮೊದಮೊದಲು ಬಂದವರು ಒಳಗೆ ಇಣುಕಿ, ಮಷೀನು ನಡೆಸುವ ಗಂಡಸು ಎಲ್ಲಿ ಎಂದು ಹುಡುಕುತ್ತಿದ್ದರು. ಆ ಸಿಟ್ಟು ಎಂದೋ ಆರಿಹೋಗಿದೆ. ನಾನು ಬರೆಯಲು ಕೂತದ್ದು ಬೇರೆ ಸಿಟ್ಟನ್ನು. ಅದು ಇನ್ನೂ ಆರಿಲ್ಲ.

ಕೋಣೆ ಶುರುಮಾಡಿದ ಎರಡನೆಯ ವರ್ಷ ನನಗೆ ಟ್ಯೂಬಿನ ಹುಚ್ಚು ಹಿಡಿಯಿತು. ಟ್ಯೂಬು ಎಂದರೆ ನಮ್ಮ ಅಪ್ಪ ವಾಲ್ವು ಎನ್ನುತ್ತಿದ್ದ ಗಾಜಿನ ಬುರುಡೆ. ಅಪ್ಪ ಆಳಂದದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವನು. ಈಗ ರೇಡಿಯೊ ಯಾರೂ ತರುವುದಿಲ್ಲ, ಮಿಕ್ಸರ್, ಫ್ಯಾನು, ಸ್ಪ್ರೇ ಪಂಪಿನ ಚಾರ್ಜರು ರಿಪೇರಿ ಮಾಡುತ್ತಾನೆ. ಬೆಸುಗೆ ಹಾಕುವುದನ್ನು ನಾನು ಕಲಿತದ್ದು ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು. ಆದರೆ ಟ್ಯೂಬಿನ ವಿಷಯಕ್ಕೆ ಅವನನ್ನು ಕೇಳಲಿಲ್ಲ. ಅಪ್ಪನದು ಹಳೆ ಕಾಲದ ವಿದ್ಯೆ, ನಾನು ಮಾಡುವುದು ಹೊಸದು ಅನ್ನುವ ಸೊಕ್ಕು ನನಗಿತ್ತು. ಮೊಬೈಲಿನಲ್ಲಿ ವಿಡಿಯೋ ನೋಡುತ್ತಿದ್ದೆ. ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: ಟ್ಯೂಬಿನೊಳಗೆ ಹಾದು ಬಂದ ದನಿಗೆ ಒಂದು ಕಾವು ಇರುತ್ತದೆ, ದನಿ ತುಂಬಿಕೊಂಡು ಬರುತ್ತದೆ, ದೊಡ್ಡ ಸ್ಟುಡಿಯೋದವರು ಅದನ್ನೇ ಬಳಸುತ್ತಾರೆ.

ಕಲಬುರಗಿಯಲ್ಲಿ ಸೌಂಡ್ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಅದು ಸಿಕ್ಕಿತು. ಬಂಗಾರದ ಬಣ್ಣದ ಜಾಳಿಗೆಯ ಮೈಕು, ಅದರ ಜೊತೆ ಇಟ್ಟಿಗೆಯಷ್ಟು ದೊಡ್ಡ ಒಂದು ಪೆಟ್ಟಿಗೆ. ಮೈಕಿನಿಂದ ಬರುವ ಸಣ್ಣ ದನಿಯನ್ನು ದೊಡ್ಡದು ಮಾಡುವುದು ಆ ಪೆಟ್ಟಿಗೆಯ ಕೆಲಸ. ಪೆಟ್ಟಿಗೆಯ ಮುಖಕ್ಕೆ ಒಂದು ಗಾಜಿನ ಕಿಟಕಿ, ಅದರ ಹಿಂದೆ ಕಿತ್ತಳೆ ಬಣ್ಣದಲ್ಲಿ ಬೆಳಗುವ ಟ್ಯೂಬು. ಅಂಗಡಿಯವನು ಅದನ್ನು ಚಾಲೂ ಮಾಡಿ, ಅಂಗಡಿಯ ದೀಪ ಆರಿಸಿ ತೋರಿಸಿದ.

"ಇದು ಟ್ಯೂಬ್ ಸೆಟ್ ನೋಡ್ರಿ ಮೇಡಂ. ದೊಡ್ಡ ಸ್ಟುಡಿಯೋದಾಗ ಇರೋದೂ ಟ್ಯೂಬ, ಇದೂ ಟ್ಯೂಬ. ಅದರ ಮ್ಯಾಗ ಹೆಸರ ಬರದಿರ್ತಾರ, ಇದರ ಮ್ಯಾಗ ಬರದಿಲ್ಲ. ಅಷ್ಟ ಫರಕ."

"ಈ ತಿರುಗಣಿ ಯಾತಕ್ಕರಿ?"

"ಅದು ಕಾವಿಂದು. ಎಷ್ಟ ತಿರುಗಸ್ತೀರಿ ಅಷ್ಟ ಟ್ಯೂಬ್ ಕೆಲಸ ಮಾಡ್ತದ."

ಕೈಯಲ್ಲಿದ್ದದ್ದನ್ನೆಲ್ಲ ಅಲ್ಲಿಟ್ಟು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದೆ. ಚೌಡಾಪುರ ದಾಟುವ ಹೊತ್ತಿಗೆ ಬೋರ್ಡಿನ ಮೇಲೆ ಏನು ಬರೆಸಬೇಕು ಎಂದು ತೀರ್ಮಾನಿಸಿಬಿಟ್ಟಿದ್ದೆ. ಮರುವಾರವೇ ಬರೆಸಿದೆ: ಇಲ್ಲಿ ಟ್ಯೂಬ್ ಮೈಕಿನಲ್ಲಿ ರೆಕಾರ್ಡಿಂಗ್ ಮಾಡಲಾಗುವುದು. ಬಂದವರಿಗೆಲ್ಲ ಕಿಟಕಿ ತೋರಿಸುತ್ತಿದ್ದೆ. ನಾನೂ ದೀಪ ಆರಿಸಿಯೇ ತೋರಿಸುತ್ತಿದ್ದೆ.

ಅದೇ ದಿನಗಳಲ್ಲಿ ಗೆಳತಿಯೊಬ್ಬಳ ಮೊಮ್ಮಗನ ತೊಟ್ಟಿಲಿಗೆಂದು ನೆಲೋಗಿಗೆ ಹೋಗಿದ್ದೆ. ಹೆಸರಿಡುವುದು ಮುಗಿದು ಊಟಕ್ಕೆ ಕೂಡುವ ಮೊದಲು ಪಕ್ಕದ ಮನೆಯ ಒಬ್ಬ ಹೆಂಗಸನ್ನು ಹಾಡಲು ಕರೆದರು. ಅರವತ್ತು ದಾಟಿದ ಮುಸ್ಲಿಂ ಹೆಂಗಸು, ತೊಗರಿ ಹೊಲದ ಕೂಲಿ ಮಾಡಿ ಬೆನ್ನು ಬಾಗಿತ್ತು. ಊರೆಲ್ಲ ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿತ್ತು. ಆಕೆ ಬಾಗಿಲ ಕಟ್ಟೆಯ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ಕನ್ನಡದ ಜೋಗುಳ ತೆಗೆದಳು. ಹೆಣ್ಣಿನ ದನಿ ಅಷ್ಟು ಕೆಳಗೆ ಇಳಿಯುವುದನ್ನು ನಾನು ಕೇಳಿರಲಿಲ್ಲ. ಜೋಳ ಬೀಸುವಾಗ ಕಲ್ಲಿನ ಸದ್ದು ಕಿವಿಗಿಂತ ಮೊದಲು ನೆಲಕ್ಕೆ, ಆಮೇಲೆ ಕೂತವರ ತೊಡೆಗೆ ಹತ್ತುತ್ತದಲ್ಲ, ಹಾಗಿತ್ತು. ಅಳುತ್ತಿದ್ದ ಕೂಸು ಸುಮ್ಮನಾಯಿತು. ಅದು ಜೋಗುಳಕ್ಕೋ ಹಾಲಿಗೋ ಗೊತ್ತಿಲ್ಲ, ನಾನಂತೂ ಸುಮ್ಮನಾದೆ.

ನನ್ನ ಕೋಣೆಗೆ ಬಂದು ಹಾಡಿರಿ ಎಂದು ಅವತ್ತೇ ಕೇಳಿಕೊಂಡೆ. ಖಾಲಾಗೆ ಮೊದಲು ನಗು ಬಂತು.

"ನನ್ನ ದನಿ ಗಂಡಸರ ದನಿ ಬೇಟಿ. ನಮ್ಮ ಅತ್ತಿ ಇರೋತನಕ ಹಾಡಾಕ ಬಿಡಲಿಲ್ಲ. ಈಗ ಯಾರ ಕೇಳ್ತಾರ?"

"ಎಲ್ಲಾರೂ ಕೇಳ್ತಾರ ಖಾಲಾ. ಬರ್ರಿ ನೀವು, ನಾನು ಮಾಡ್ತೇನಿ."

ಸೊಸೆಯನ್ನು ಜೊತೆಗೆ ಕರೆದುಕೊಂಡು ಎರಡು ಬಸ್ಸು ಬದಲಿಸಿ ಬಂದಳು. ಇಡೀ ದಿನ ಕೂತು ಬೀಸುವ ಪದ, ಜೋಗುಳ, ಅಲಾಯಿ ಪದ ಎಲ್ಲ ಸೇರಿ ಒಂಬತ್ತು ಹಾಡು ಹೇಳಿದಳು. ಒಂದನ್ನೂ ಎರಡನೆಯ ಸಲ ಹೇಳಿಸಬೇಕಾಗಲಿಲ್ಲ, ಟ್ರ್ಯಾಕ್ಟರ್ ಬಂದಾಗಿನ ಒಂದನ್ನು ಬಿಟ್ಟು. ನಾನು ಕಾವಿನ ತಿರುಗಣಿಯನ್ನು ಮುಕ್ಕಾಲು ಭಾಗ ತಿರುಗಿಸಿ ಇಟ್ಟಿದ್ದೆ. ಇಂಥ ದನಿಗೆ ಎಷ್ಟು ಕಾವು ಕೊಟ್ಟರೂ ಕಡಿಮೆಯೇ ಅನ್ನಿಸಿತ್ತು.

ಸಂಜೆ ಆಕೆಯ ಕಿವಿಗೆ ಹೆಡ್‌ಫೋನ್ ಹಾಕಿ ಮೊದಲ ಹಾಡು ಕೇಳಿಸಿದೆ. ಆಕೆ ಸ್ವಲ್ಪ ಹೊತ್ತು ಕೇಳಿ, ಹೆಡ್‌ಫೋನ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

"ಇದು ನನ್ನ ದನಿ ಅಲ್ಲ."

ನಾನು ನಕ್ಕೆ. ಆ ನಗೆಯನ್ನು ನೆನೆದರೆ ಈಗ ಮೈ ಉರಿಯುತ್ತದೆ. "ಎಲ್ಲಾರೂ ಹಿಂಗ ಅಂತಾರ ಖಾಲಾ. ನಮ್ಮ ದನಿ ನಮಗ ಒಳಗಿಂದ ಕೇಳಸ್ತದ, ಮಂದಿಗೆ ಹೊರಗಿಂದ. ಅದಕ್ಕ ಹಂಗ ಅನಸ್ತದ."

"ನಾನು ಮಸೂತಿ ಬಾವ್ಯಾಗ ಬಗ್ಗಿ ಹಾಡಿ ಕೇಳೀನಿ ಬೇಟಿ. ನನ್ನ ದನಿ ನನಗ ಗೊತ್ತದ. ಇದು ಪತ್ರಾಸ್ ತಗಡಿನ ಮ್ಯಾಗ ಮೊಳಿ ಎಳದಂಗ ಅದ."

"ಇದು ಟ್ಯೂಬ್ ಮೈಕು ಖಾಲಾ," ಅಂದೆ ನಾನು. ಅದೊಂದು ಉತ್ತರವೇ ಆಗಿದ್ದಂತೆ. ಆಕೆಗೆ ಕಿಟಕಿ ತೋರಿಸಿದೆ. ಆಕೆ ನೋಡಿ ಹೆಡ್‌ಫೋನ್ ನನ್ನ ಕೈಗೆ ಕೊಟ್ಟಳು. ಓದಿದವಳು, ಮಷೀನು ಬಲ್ಲವಳು ಹೇಳುತ್ತಿದ್ದಾಳೆ, ಆಕೆ ಇನ್ನೇನು ಅನ್ನಬೇಕು? ಹಾಡುಗಳನ್ನು ಆಕೆಯ ಸೊಸೆಯ ಮೊಬೈಲಿಗೆ ಕಳಿಸಿದೆ, ನನಗೆ ಗೊತ್ತಿದ್ದವರಿಗೆಲ್ಲ ಕಳಿಸಿದೆ. ಜೇವರ್ಗಿ ಕಡೆಗೆ ಅವು ಹಬ್ಬಿದವು ಎಂದು ತಿಳಿದಾಗ ಹೆಮ್ಮೆಪಟ್ಟೆ.

ಮೂರು ನಾಲ್ಕು ತಿಂಗಳ ಮೇಲೆ ಅಪ್ಪ ಅಫಜಲಪುರಕ್ಕೆ ಬೀಗರ ಮನೆಯ ಮದುವೆಗೆ ಬಂದವನು ಮಧ್ಯಾಹ್ನ ಕೋಣೆಗೆ ಬಂದು ಕೂತ. ಸಾಮಾನುಗಳನ್ನು ಒಂದೊಂದಾಗಿ ನೋಡಿ, ಪೆಟ್ಟಿಗೆಯ ಮುಂದೆ ನಿಂತ. ವಾಲ್ವು ಕಂಡು ಅವನ ಮುಖ ಅರಳಿತು. ಮೇಲೆ ಅಂಗೈ ಇಟ್ಟ. ಅಲ್ಲೇ ಇಟ್ಟುಕೊಂಡು ನಿಂತ.

"ಎಷ್ಟೊತ್ತಾತು ಚಾಲೂ ಮಾಡಿ?"

"ಮುಂಜಾನಿಂದ ಚಾಲೂ ಅದ ಅಪ್ಪ."

"ಮತ್ತ ತಣ್ಣಗ ಅದಲ್ಲ."

"ಹೊಸಾ ಕಾಲದ್ದು, ಬಿಸಿ ಆಗಂಗಿಲ್ಲ."

"ವಾಲ್ವಿಗೆ ಹೊಸಾ ಕಾಲ ಹಳೇ ಕಾಲ ಇಲ್ಲವ್ವ. ಅದರ ಹೊಟ್ಟ್ಯಾಗ ತಂತಿ ಉರಿಬೇಕು, ಉರಿದ್ರ ಬಿಸಿ ಆಗಬೇಕು. ತಿರುಪುಳಿ ಕೊಡು ಇಲ್ಲಿ."

ಮೇಲಿನ ಮುಚ್ಚಳ ಬಿಚ್ಚಿದ. ಅಡಾಪ್ಟರ್ ಕೀಳಲಿಲ್ಲ, ಬೇಕೆಂದೇ ಬಿಟ್ಟ. ನನ್ನ ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಲು ಹೇಳಿ, ಮೈಕಿನ ಮುಂದೆ ಗಡಿಯಾರ ಇಟ್ಟ. ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಅಪ್ಪ ಎರಡು ಬೆರಳಲ್ಲಿ ವಾಲ್ವು ಹಿಡಿದು ಮೆಲ್ಲಗೆ ಅಲುಗಾಡಿಸಿ ಹೊರಗೆ ಕಿತ್ತ. ಬರಿಗೈಯಲ್ಲಿ ಕಿತ್ತ. ಉರಿಯುತ್ತಿದ್ದ ವಾಲ್ವನ್ನು ಹಾಗೆ ಹಿಡಿದರೆ ಬೆರಳಿಗೆ ಬೊಬ್ಬೆ ಬರುತ್ತದೆ ಎಂದು ಚಿಕ್ಕಂದಿನಲ್ಲಿ ನನಗೆ ಹೇಳಿದ್ದವನು ಅವನೇ.

ವಾಲ್ವು ಅಪ್ಪನ ಕೈಯಲ್ಲಿತ್ತು. ಬೆಳಕು ಪೆಟ್ಟಿಗೆಯಲ್ಲೇ ಇತ್ತು. ವಾಲ್ವು ಕೂಡುವ ಕುಳಿಯ ತಳದಲ್ಲಿ, ಚೀನಿ ಆಟಿಕೆಯಲ್ಲಿ ಇರುವಂಥ ಸಣ್ಣದೊಂದು ಕಿತ್ತಳೆ ಎಲ್‌ಇಡಿ ಹೊತ್ತಿಕೊಂಡಿತ್ತು. ನನ್ನ ಕಿವಿಯಲ್ಲಿ ಗಡಿಯಾರ ಮೊದಲು ಹೇಗೆ ಬಡಿಯುತ್ತಿತ್ತೋ ಹಾಗೆಯೇ ಬಡಿಯುತ್ತಿತ್ತು.

"ದನಿ ಬರಾಕತ್ತದ?" ಅಪ್ಪ ಕೇಳಿದ.

"ಬರಾಕತ್ತದ."

"ಹಂಗಾದ್ರ ಇದು ಬರೇ ನೋಡಾಕ ಅದ."

ಆಮೇಲೆ ಅಪ್ಪ ಕೂತು ಬಿಡಿಸಿ ಹೇಳಿದ. ಖರೇ ವಾಲ್ವಿನ ಸೆಟ್ಟು ಎತ್ತಿದರೆ ಸೊಂಟ ಹಿಡಿಯಬೇಕು, ಯಾಕಂದರೆ ಒಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುತ್ತವೆ. ವಾಲ್ವಿಗೆ ಇನ್ನೂರು ವೋಲ್ಟಿಗಿಂತ ಮೇಲೆ ಕರೆಂಟು ಬೇಕು. ಅದರ ಹೊಡೆತ ತಿಂದ ಗುರುತು ಅವನ ಬಲಗೈಯ ಹೆಬ್ಬೆರಳಿನಲ್ಲಿದೆ. ಕಾಯಿಸಲು ಹೊತ್ತು ಬೇಕು, ಜೋಡಿ ವಾಲ್ವು ಒಂದೇ ಥರ ಇವೆಯೋ ಇಲ್ಲವೋ ಎಂದು ಆರಿಸಿ ಹಾಕಬೇಕು. ಈ ಪೆಟ್ಟಿಗೆಗೆ ಬರುತ್ತಿದ್ದದ್ದು ಹನ್ನೆರಡು ವೋಲ್ಟಿನ ಅಡಾಪ್ಟರು. "ವಾಲ್ವಿಗೆ ಉಪವಾಸ ಕೆಡವಿ, ಮುಂದ ದೀಪ ಹಚ್ಯಾರ," ಅಂದ. ದನಿಯನ್ನು ದೊಡ್ಡದು ಮಾಡುತ್ತಿದ್ದದ್ದು ಕಾಳಿನಷ್ಟು ದೊಡ್ಡ ಒಂದು ಅಗ್ಗದ ಚಿಪ್ಪು. ಕಾವಿನ ತಿರುಗಣಿ ತಿರುಗಿಸಿದಂತೆಲ್ಲ ಆ ಚಿಪ್ಪಿನ ಮೇಲೆ ಭಾರ ಬಿದ್ದು ಅದು ಕಿರುಚುತ್ತಿತ್ತು. ಬಂಗಾರದ ಜಾಳಿಗೆಯ ಮೈಕೂ ಅಂಥದ್ದೇ, ಕೆಳಗಿನ ದನಿಯನ್ನು ಬಿಟ್ಟುಕೊಟ್ಟು ಮೇಲಿನದನ್ನು ಚೂಪು ಮಾಡುವಂಥದ್ದು. ಮೊದಲ ಸಲ ಕೇಳಿದವರಿಗೆ ಭಾರಿ ಸ್ವಚ್ಛ ಅನ್ನಿಸುತ್ತದೆ. ಮೂರನೆಯ ಹಾಡಿಗೆ ಕಿವಿ ನೋಯುತ್ತದೆ.

ನನಗೆ ನೆನಪಾದದ್ದು ಖಾಲಾ. ಮುಕ್ಕಾಲು ಭಾಗ ತಿರುಗಿಸಿದ ತಿರುಗಣಿ.

ಮರುದಿನವೇ ಪೆಟ್ಟಿಗೆ ಎತ್ತಿಕೊಂಡು ಕಲಬುರಗಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರ ಮುಂದೆಯೇ ಮುಚ್ಚಳ ತೆಗೆದು, ಟ್ಯೂಬು ಕಿತ್ತು, ಬೆಳಕು ತೋರಿಸಿದೆ. ಅಂಗಡಿಯವನು ಗಾಬರಿಯಾಗಲಿಲ್ಲ.

"ಒಳಗ ಟ್ಯೂಬ್ ಅದನೋ ಇಲ್ಲೋ ಮೇಡಂ?"

"ಅದ. ಆದ್ರ ಅದಕ್ಕ ಕೆಲಸ ಇಲ್ಲ."

"ಟ್ಯೂಬ್ ಅದ ಅಂತ ಹೇಳೀನಿ, ಅದ. ಕೆಲಸ ಮಾಡ್ತದ ಅಂತ ಬಿಲ್ಲಿನ್ಯಾಗ ಬರದೀನೇನು?"

"ತಿರುಗಿಸಿದಷ್ಟ ಟ್ಯೂಬ್ ಕೆಲಸ ಮಾಡ್ತದ ಅಂದಾಂವ ನೀನ. ಕಣ್ಣಿಗೆ ಮಣ್ಣ ಹಾಕಿದಿ."

"ಗಿರಾಕಿಗೆ ಬೆಳಕ ಬೇಕ್ರಿ. ಬೆಳಕ ಇಲ್ಲದ ಪೆಟಗಿ ಬಾಜೂಕ ಇತ್ತು, ಇದಕ್ಕಿಂತ ಛಲೋದು, ನೀವು ಕೈಲೆ ಸೈತ ಮುಟ್ಟಲಿಲ್ಲ." ತನ್ನ ಮೊಬೈಲು ತೆಗೆದು ಕೇಳಿದ, "ನಿಮ್ಮ ಬೋರ್ಡಿನ ಮ್ಯಾಗ ಏನ್ ಬರಸೀರಿ? ನಿಮ್ಮ ಗಿರಾಕಿ ಬಂದು ಕೇಳಿದ್ರೇನು?"

ನನ್ನ ಬೋರ್ಡಿನ ಫೋಟೋ ಅವನ ಮೊಬೈಲಿನಲ್ಲಿತ್ತು. ನಾನೇ ಕಳಿಸಿದ್ದೆ, ಖುಷಿಯಿಂದ. ಅಂಗಡಿಯಲ್ಲಿದ್ದವರು ನಕ್ಕರು. ಪೆಟ್ಟಿಗೆಯನ್ನು ಅವನ ಕೌಂಟರಿನ ಮೇಲೆ ಕುಕ್ಕಿ ಬಂದೆ. ಸಾಮಾನು ವಾಪಸ್ ತೊಗೊಂಡನೋ ಕಸಕ್ಕೆ ಒಗೆದನೋ ಕೇಳಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು, ಅವನ ಮೇಲಿನ ಸಿಟ್ಟು ಅರ್ಧ, ನನ್ನ ಮೇಲಿನದು ಅರ್ಧ. ಅವನು ದೀಪ ಆರಿಸಿ ನನಗೆ ತೋರಿಸಿದ, ನಾನು ದೀಪ ಆರಿಸಿ ಮಂದಿಗೆ ತೋರಿಸಿದೆ. ಅವನಿಗಾದರೂ ಗೊತ್ತಿತ್ತು. ನನಗೆ ಗೊತ್ತೂ ಇರಲಿಲ್ಲ, ಗೊತ್ತಿದ್ದ ಹೆಂಗಸು ಹೇಳಿದಾಗ ಕೇಳಲೂ ಇಲ್ಲ.

ಬೋರ್ಡಿಗೆ ಅವತ್ತೇ ಸುಣ್ಣ ಬಳಿದೆ. ವಾರದೊಳಗೆ ನೆಲೋಗಿಗೆ ಹೋದೆ. ಖಾಲಾ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ: ಪೆಟ್ಟಿಗೆ ಖೊಟ್ಟಿ ಇತ್ತು, ನೀವು ಹೇಳಿದ್ದೇ ಖರೆ, ನಾನು ತಪ್ಪು ಮಾಡಿದೆ.

ಉತ್ತರ ಕೊಟ್ಟವಳು ಸೊಸೆ. "ಊರಾಗ ಹುಡುಗರು ಪತ್ರಾಸ್ ಖಾಲಾ ಅಂತಾರ್ರಿ. ಮೊಬೈಲ್‌ನಾಗ ಹಾಡ ಹಚ್ಚಿ ಮೂಗ ಹಿಡ್ಕೊಂಡು ಅಣಕ ಮಾಡ್ತಾರ. ಅತ್ತಿ ಈಗ ಯಾರ ಮನಿಗೂ ಹಾಡಾಕ ಹೋಗಂಗಿಲ್ಲ."

ಖಾಲಾ ಮೊರ ಕೆಳಗಿಟ್ಟಳು. "ನಮ್ಮ ಅತ್ತಿ ಹಾಡಬ್ಯಾಡ ಅಂದ್ರ ಮನ್ಯಾಗ ಹಾಡಿಲ್ಲ, ಹೊಲದಾಗ ಹಾಡೀನಿ. ಈಗ ಹೊಲಕ್ಕ ಹೋದ್ರೂ ಅದ ಹೆಸರ ಕರೀತಾರ. ನೀ ಅವತ್ತ ನಕ್ಕಿದ್ದಿ ನೋಡು ಬೇಟಿ, ಅದು ನನಗ ಮರತಿಲ್ಲ."

ಆಕೆ ಸಿಟ್ಟಾಗಿದ್ದು ನ್ಯಾಯವಾಗಿತ್ತು. ಆಕೆಯ ಕಾಲು ಹಿಡಿದು ಅತ್ತರೆ ನನ್ನ ಮನಸ್ಸು ಹಗುರಾಗುತ್ತಿತ್ತು, ಆಕೆಗೆ ಬಿದ್ದ ಹೆಸರು ಹೋಗುತ್ತಿರಲಿಲ್ಲ. ಹಾಗಾಗಿ ಅಳಲಿಲ್ಲ. ಖರೇ ಸಾಮಾನು ಇರುವ ಕಡೆ ಕರೆದುಕೊಂಡು ಹೋಗಿ ಇನ್ನೊಮ್ಮೆ ಮಾಡಿಸುತ್ತೇನೆ ಎಂದೆ. ಆಕೆ ಒಪ್ಪಲು ಎರಡು ತಿಂಗಳು ಹಿಡಿಯಿತು. ಮೂರು ಸಲ ಹೋಗಿಬಂದೆ. ಮೂರನೆಯ ಸಲ, "ಹೈದರಾಬಾದ್ ನೋಡಿಲ್ಲ ನಾನು, ನಡಿ," ಅಂದಳು.

ಹೈದರಾಬಾದಿನ ಆ ಸ್ಟುಡಿಯೋವನ್ನು ಫೋನಿನಲ್ಲೇ ಗೊತ್ತುಮಾಡಿದ್ದೆ. ಅವರ ಹತ್ತಿರ ಹಳೆಯ ಟ್ಯೂಬ್ ಮೈಕು ಇದೆ, ಬೇಕೆಂದರೆ ಅದನ್ನೇ ಕೊಡುತ್ತೇವೆ ಎಂದು ಮಾತಾಗಿತ್ತು. ಖಾಲಾ, ಸೊಸೆ, ನಾನು ಮೂವರೂ ಕಲಬುರಗಿಯಿಂದ ರೈಲಿನಲ್ಲಿ ಹೋಗಿ ಹತ್ತು ಗಂಟೆಗೆ ಅಲ್ಲಿದ್ದೆವು. ಮಾಲೀಕ ಖಾಲಾಳ ಸೀರೆ ನೋಡಿದ, ಚಪ್ಪಲಿ ನೋಡಿದ. ಒಳಗೆ ಹೋಗಿ ನೋಡಿದರೆ ಒಂದು ಮೈಕನ್ನು ಆಗಲೇ ನಿಲ್ಲಿಸಿದ್ದರು. ಅದಕ್ಕೆ ತೆಳ್ಳನೆಯ ಒಂದೇ ವೈರು. ಅಪ್ಪ ಹೇಳಿದ್ದ, ಖರೇ ಟ್ಯೂಬ್ ಮೈಕಿಗೆ ತನ್ನದೇ ಕರೆಂಟಿನ ಡಬ್ಬಿ ಬೇಕು, ದಪ್ಪ ಕೇಬಲ್ಲು ಬೇಕು. ಅಲ್ಲಿ ಡಬ್ಬಿ ಇರಲಿಲ್ಲ.

"ಇದು ನಾನು ಕೇಳಿದ ಮೈಕ್ ಅಲ್ಲ," ಎಂದೆ.

ಅವನು ಹಿಂದಿಯಲ್ಲಿ, ಇದು ಹಳ್ಳಿ ಹಾಡಲ್ಲವಾ, ಇದಕ್ಕೆ ಇಷ್ಟು ಸಾಕು, ಆ ಮೈಕು ಸಿನಿಮಾ ಹಾಡುವವರಿಗೆ ಇಟ್ಟದ್ದು, ಕಾಯಿಸಲಿಕ್ಕೇ ಅರ್ಧ ಗಂಟೆ ಬೇಕು ಎಂದ. ಒಬ್ಬ ಖೊಟ್ಟಿ ಸಾಮಾನನ್ನು ಖರೇ ಎಂದು ಮಾರಿದ. ಇನ್ನೊಬ್ಬನ ಹತ್ತಿರ ಖರೇದೇ ಇದೆ, ಆದರೆ ತೊಗರಿ ಹೊಲದ ಹೆಂಗಸಿನ ಬಾಯಿಯ ಮುಂದೆ ಇಡಲು ಅವನಿಗೆ ಮನಸ್ಸಿಲ್ಲ. ಇಬ್ಬರಲ್ಲಿ ಯಾರು ಕೆಟ್ಟವರು ಎಂದು ನಾನು ಇವತ್ತಿಗೂ ತೀರ್ಮಾನಿಸಿಲ್ಲ.

ನಾನು ಜೋರು ದನಿ ತೆಗೆಯುವ ಮೊದಲೇ ಖಾಲಾ ಅಲ್ಲಿದ್ದ ಒಳ್ಳೆಯ ಕುರ್ಚಿ ಎಳೆದು ಕೂತಳು. "ಮೈ ಯಹೀಚ್ ಬೈಠ್‌ತೂಂ," ಅಂದಳು, ನಮ್ಮ ಕಡೆಯ ದಖನಿಯಲ್ಲಿ. "ಆಧಾ ಘಂಟಾ ಕ್ಯಾ, ಪೂರಾ ದಿನ್ ಬೈಠ್‌ತೂಂ. ಗರಮ್ ಕರೋ." ಕಾಯಿಸು, ನಾನು ಇಲ್ಲೇ ಕೂಡುತ್ತೇನೆ, ಬೇಕಾದರೆ ಇಡೀ ದಿನ. ಅವಳ ಮಾತು ಕೇಳಿ ಮಾಲೀಕ ಒಂದು ಕ್ಷಣ ತಡವರಿಸಿದ. ಆಮೇಲೆ ಬೀರು ತೆಗೆದು, ಮರದ ಪೆಟ್ಟಿಗೆಯಲ್ಲಿದ್ದ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಆ ಅರ್ಧ ಗಂಟೆಯನ್ನು ನಾವು ಬಾಡಿಗೆ ಕೊಟ್ಟ ಹೊತ್ತಿನಲ್ಲೇ ಹಿಡಿಯುತ್ತೇನೆ ಎಂದು ಮಾತ್ರ ಹೇಳಿದ. ಹಿಡಿದ ಕೂಡ.

ಕಾದ ಮೇಲೆ ಕರೆಂಟಿನ ಡಬ್ಬಿಯ ಮೇಲೆ ಕೈ ಇಟ್ಟೆ. ಬಿಸಿಯಿತ್ತು. ಅದಕ್ಕೆ ಕಿಟಕಿ ಇರಲಿಲ್ಲ, ಬೆಳಕೂ ಇರಲಿಲ್ಲ, ಬೂದು ಬಣ್ಣದ ತಗಡು, ಅಷ್ಟೇ.

ಉಳಿದ ಹೊತ್ತಿನಲ್ಲಿ ನಾಲ್ಕೇ ಹಾಡು ಆದವು. ಕೇಳಿಸಿದಾಗ ಖಾಲಾ ಕಣ್ಣು ಮುಚ್ಚಿ ಕೂತಳು. ಕೆಳಗಿನ ದನಿ ನೆಲದಿಂದಲೇ ಎದ್ದು ಬಂತು. ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗುವಾಗಿನ ಉಸಿರು, ಗಂಟಲಿನ ಒರಟು, ಎಲ್ಲ ಇತ್ತು, ಯಾವುದೂ ಚುಚ್ಚುತ್ತಿರಲಿಲ್ಲ. ಮಾಲೀಕ ಕೂಡ ತನ್ನ ಮೊಬೈಲು ಕೆಳಗಿಟ್ಟಿದ್ದ.

"ಮುಂದಿನ ಹಲ್ಲ ಹೋಗೇದಲ್ಲ," ಖಾಲಾ ಸೊಸೆಗೆ ಹೇಳಿದಳು, "ಅದೂ ಕೇಳಸಾಕತ್ತದ ನೋಡು." ಆಮೇಲೆ ನನ್ನ ಕಡೆ ತಿರುಗಿ, "ನಂದೇ," ಅಂದಳು. ನಗಲಿಲ್ಲ. ನನ್ನನ್ನು ಮನ್ನಿಸಿದಳೆಂದು ನಾನು ಹೇಳಲಾರೆ.

ಈಗ ನನ್ನ ಕೋಣೆಯಲ್ಲಿ ಟ್ಯೂಬಿಲ್ಲ. ಅಪ್ಪ ಹುಡುಕಿಕೊಟ್ಟ ಒಂದು ಸಾದಾ ಮೈಕು ಇದೆ, ಹಳೆಯದು, ಮೈಮೇಲೆ ಗೀರು ಬಿದ್ದದ್ದು. ಖರೇ ಟ್ಯೂಬ್ ಮೈಕು ನನ್ನ ಜನ್ಮದಲ್ಲಿ ಕೊಳ್ಳಲಾಗುವುದಿಲ್ಲ. ಆದರೆ ಸಾದಾ ಸಾಮಾನು ಸಾದಾ ಎಂದೇ ಹೇಳಿಕೊಂಡು ಕೆಲಸ ಮಾಡುತ್ತದೆ. ಅದರಲ್ಲಿ ಖಾಲಾಳ ದನಿ ಹೈದರಾಬಾದಿನಷ್ಟು ತುಂಬಿ ಬರಲಿಕ್ಕಿಲ್ಲ, ಪತ್ರಾಸ್ ಅಂತೂ ಆಗುವುದಿಲ್ಲ. ಟ್ಯೂಬ್ ಅದನೇನ್ರಿ ಎಂದು ಕೇಳಿದವರಿಗೆ ಇಲ್ರಿ ಅನ್ನುತ್ತೇನೆ. ಕೆಲವರು ಮೆಟ್ಟಿಲಿಳಿದು ಹೋಗುತ್ತಾರೆ.

ಹೊಸ ನಾಲ್ಕು ಹಾಡುಗಳನ್ನು ನಾನು ಎಲ್ಲರಿಗೂ ಕಳಿಸಿದೆ, ಹಳೆಯವನ್ನು ಅಳಿಸಿರಿ ಎಂದು ಕೈಮುಗಿದು ಬರೆದೆ. ಯಾರೂ ಅಳಿಸಿದಂತೆ ಕಾಣಲಿಲ್ಲ. ಹೋದ ತಿಂಗಳು ಜೇವರ್ಗಿ ಬಸ್ ಸ್ಟ್ಯಾಂಡಿನ ಹೊರಗೆ ಒಂದು ಟಂಟಂ ಆಟೊದಲ್ಲಿ ಖಾಲಾಳ ಜೋಗುಳ ಹಾಡುತ್ತಿತ್ತು, ಹಳೆಯದು, ಮೊಳೆ ಎಳೆದಂಥದ್ದು. ಡ್ರೈವರನ ಹತ್ತಿರ ಹೋಗಿ, ಇದನ್ನು ರೆಕಾರ್ಡ್ ಮಾಡಿದವಳು ನಾನೇ, ಇದು ಕೆಟ್ಟದ್ದು, ಛಲೋದು ಕೊಡುತ್ತೇನೆ ಎಂದು ಅಲ್ಲೇ ಹೊಸದನ್ನು ಕಳಿಸಿದೆ. ಅವನು ಹಚ್ಚಿ ಅರ್ಧ ನಿಮಿಷ ಕೇಳಿದ.

"ಇದು ಮೆತ್ತಗ ಅದ್ರಿ ಅಕ್ಕಾರ. ಇಂಜಿನ್ ಸಪ್ಪಳದಾಗ ಕೇಳಸಂಗಿಲ್ಲ. ಹಳೇದ ಭಾರಿ ಅದ, ಕಿವಿಗೆ ಹೊಡೀತದ."

ಹಳೆಯದನ್ನೇ ಮತ್ತೆ ಹಚ್ಚಿದ. ನಾನು ಕೈ ಚಾಚಿ ಅವನ ಟೇಪು ಬಂದ್ ಮಾಡಿದೆ. ಮಂದಿ ನೋಡಿದರು. ಅವನು ನನ್ನನ್ನು ಹುಚ್ಚಿ ಎಂದುಕೊಂಡು ಗಾಡಿ ಎಬ್ಬಿಸಿಕೊಂಡು ಹೋದ. ತಿರುವಿನಲ್ಲಿ ಮತ್ತೆ ಚಾಲೂ ಮಾಡಿದ್ದು ಕೇಳಿಸಿತು.

ಸಂಜೆ ಖಾಲಾಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

"ಸೊಸಿ ಮೊಬೈಲ್‌ನಾಗಿಂದು ನಾನ ನಿಂತು ಅಳಸೀನಿ," ಅಂದಳು. "ಊರ ಮೊಬೈಲ್ ಹ್ಯಾಂಗ ಅಳಸ್ಲಿ? ನೀ ಹಂಚಿದಾಕಿ, ನೀ ಹೇಳು."

ಮುಂದಿನ ವಾರ ಊರಲ್ಲಿ ಒಂದು ತೊಟ್ಟಿಲು ಇದೆ, ಹಾಡಲು ಕರೆದಿದ್ದಾರೆ, ಹೋಗಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ ಎಂದು ಹೇಳಿ ಖಾಲಾ ಫೋನ್ ಇಟ್ಟಳು.